ಕ್ರೂಸ್‌ಗೆ ಮುಂಚೆ ವಾರಕ್ಕೊಂದು ಸಿನಿಮಾ
ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿರೋರು ದಿನ ಎಣಿಸೋ ಬದ್ಲು ಸಿನಿಮಾ ಎಣಿಸಿ, ಹಡಗು ನಿಲ್ಲೋ ಬಂದರುಗಳ ಆರ್ಡರ್‌ನಲ್ಲೇ ವಾರಕ್ಕೊಂದು, ಆದಷ್ಟೂ ನಗಿಸೋವಂಥದ್ದು, ಇಟಲಿಯ ಲಾ ಸ್ಪೆಜಿಯಾಗೆ ಅದೇ ಕರಾವಳಿಯಲ್ಲಿ ನಡೆಯೋ ಆನಿಮೇಷನ್ ಸಿನಿಮಾ ‘ಲೂಕಾ’, ರೋಮ್‌ಗೆ 1953ರ ‘ರೋಮನ್ ಹಾಲಿಡೇ’ ಹೀಗೆ. ಮಕ್ಕಳಿಗೆ ಇನ್ನೂ ಇಪ್ಪತ್ತೊಂದು ದಿನ ಅಂದ್ರೆ ತಲೆಗೆ ಹೋಗಲ್ಲ, ಇನ್ನು ಮೂರೇ ಸಿನಿಮಾ ಅಂದ್ರೆ ಹೋಗತ್ತೆ, ಜೊತೆಗೆ ಇಳಿದಾಗ ಏನ್ ನೋಡ್ಬೇಕು ಅಂತ ಅವರೇ ಹೇಳ್ತಾರೆ. ಕೈಕೊಡೋದು ಸಿನಿಮಾದ ಜಾಗ ಬಂದರಿನಿಂದ ದೂರ ಇದ್ದಾಗ: ರೋಮ್ ಅಂತ ಹಡಗು ನಿಲ್ಲೋದು ಚಿವಿಟವೆಕ್ಕಿಯಾದಲ್ಲಿ, ಅಲ್ಲಿಂದ ರೈಲಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ‘ಮಮ್ಮಾ ಮಿಯಾ’ ತೆಗೆದ ಗ್ರೀಸ್‌ನ ಸ್ಕೋಪೆಲೋಸ್ ದ್ವೀಪ ನಿಮ್ಮ ರೂಟಲ್ಲೇ ಇಲ್ದೇ ಇರಬಹುದು, ಮೊದ್ಲೇ ಹೇಳ್ಬಿಡಿ. ಹಡಗು ಮುಳುಗೋ ಸಿನಿಮಾ ಮಾತ್ರ ವಾಪಸ್ ಬಂದ್ಮೇಲೆ ನೋಡ್ಕೊಳ್ಳಿ, ಅಜ್ಜಿ ಟಿಕೆಟ್ ಕ್ಯಾನ್ಸಲ್ ಮಾಡ್ಸಿದ್ರೆ ನನ್ನ ಕೇಳ್ಬೇಡಿ 😄