ಧರಣಿಗೆ ಬಂದವರು, ಬೂತಿಗೆ ಬಂದವರು: ಸಣ್ಣ ಚುನಾವಣಾ ಸಲಹಾ ಸಂಸ್ಥೆ ನಡೆಸಿದ ನನ್ನ ಅನುಭವ

ನಮ್ಮದು ಚುನಾವಣಾ ಸಲಹಾ ಸಂಸ್ಥೆ. ಸಂಸ್ಥೆ ಅನ್ನೋದು ಸ್ವಲ್ಪ ದೊಡ್ಡ ಮಾತೇ ಆಯಿತು. ಒಂದು ಬಾಡಿಗೆ ಕೋಣೆ, ಹಳೇ ಲ್ಯಾಪ್‌ಟಾಪುಗಳು, ಒಂದು ಪ್ರಿಂಟರ್, ಚುನಾವಣೆ ಹೊತ್ತಿಗೆ ಬಂದು ಸೇರುವ ಕೆಲವು ಹುಡುಗ ಹುಡುಗಿಯರು. ರೈತ ಸಂಘ, ದಲಿತ ಸಂಘಟನೆ, ಕಾರ್ಮಿಕ ಸಂಘಗಳಲ್ಲಿ ಕೆಲಸ ಮಾಡಿ ಚುನಾವಣೆಗೆ ನಿಲ್ಲುವವರ ಜೊತೆ ಮಾತ್ರ ಕೆಲಸ ಮಾಡುತ್ತೇವೆ. ದುಡ್ಡಿರುವ ಅಭ್ಯರ್ಥಿಗಳಿಗೆ ದೊಡ್ಡ ದೊಡ್ಡ ಕಂಪನಿಗಳಿವೆ, ಅವರಿಗೆ ನಾವು ಬೇಕಾಗಿಯೂ ಇಲ್ಲ.

ನಮ್ಮ ಅಭ್ಯರ್ಥಿಗಳಿಗೆ ಮಾತು ಕಲಿಸುವ ಅಗತ್ಯವಿಲ್ಲ. ಮೈಕ್ ಕೊಟ್ಟರೆ ಸಂವಿಧಾನದಿಂದ ಶುರುಮಾಡಿ ಎಪಿಎಂಸಿವರೆಗೆ ಮಾತಾಡುತ್ತಾರೆ. ಅವರ ಕಷ್ಟ ಬೇರೆ. ಧರಣಿಗೆ ಸಾವಿರಾರು ಜನ ಬಂದಿದ್ದನ್ನು ನೋಡಿದ್ದಾರೆ, ಅಷ್ಟೂ ಮತ ತಮ್ಮದೇ ಅಂದುಕೊಂಡಿರುತ್ತಾರೆ. ಆ ಜನ ಇಡೀ ಜಿಲ್ಲೆಯಿಂದ ಬಂದವರು. ಅವರಲ್ಲಿ ಈ ಕ್ಷೇತ್ರದವರು ಎಷ್ಟು, ಯಾವ ಮತಗಟ್ಟೆಯವರು ಅಂತ ಯಾರೂ ಬರೆದಿಟ್ಟಿರುವುದಿಲ್ಲ.

ಹಾಗಾಗಿ ನಮ್ಮ ಕೆಲಸ ಫಾರಂ 20ರಿಂದ ಶುರುವಾಗುತ್ತದೆ. ಹಿಂದಿನ ಚುನಾವಣೆಯಲ್ಲಿ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಎಷ್ಟೋ ಸಲ ಸಿಗುವುದು ಸ್ಕ್ಯಾನ್ ಮಾಡಿದ ಪುಟಗಳು, ಕೂತು ಕೈಯಲ್ಲೇ ಟೈಪ್ ಮಾಡಬೇಕು. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಎರಡು ಚುನಾವಣೆಗಳ ನಡುವೆ ಬೂತುಗಳನ್ನು ಒಡೆಯುತ್ತಾರೆ, ಸೇರಿಸುತ್ತಾರೆ, ಸಂಖ್ಯೆ ಬದಲಾಗುತ್ತದೆ. ಹಳೇ 87 ಈಗ 91 ಆಗಿರಬಹುದು. ಮತದಾರರ ಪಟ್ಟಿಯ ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ಬೀದಿ, ಕೇರಿಗಳ ಹೆಸರು ಇರುತ್ತವೆ. ಅವನ್ನು ಇಟ್ಟುಕೊಂಡು ಹಳೇ ಬೂತನ್ನು ಹೊಸ ಬೂತಿಗೆ ಹೊಂದಿಸುತ್ತೇವೆ. ಬೇಜಾರಿನ ಕೆಲಸ ನಿಜ. ಆದರೆ ಇದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಒಂದು ವಿಧಾನಸಭಾ ಕ್ಷೇತ್ರದಲ್ಲಿ ಸಾಮಾನ್ಯವಾಗಿ 200ಕ್ಕೂ ಜಾಸ್ತಿ ಬೂತುಗಳು. ಲೆಕ್ಕ ಮುಗಿದ ಮೇಲೆ ಅವನ್ನು ವಿಂಗಡಿಸುತ್ತೇವೆ. ನಮ್ಮವರು ಗಟ್ಟಿಯಾಗಿರುವ ಬೂತುಗಳು, ಪ್ರಯತ್ನಪಟ್ಟರೆ ಬರಬಹುದಾದವು, ಬಿಟ್ಟುಬಿಡಬೇಕಾದವು. ಜಗಳ ಆಗುವುದು ಇಲ್ಲೇ. ಎಲ್ಲರೂ ನಮ್ಮ ಜನವೇ ಎಂದು ನಂಬಿ ಮೂವತ್ತು ವರ್ಷ ಹೋರಾಡಿದವರಿಗೆ ಆ ಊರು ಬಿಡಿ ಅಂತ ಹೇಳುವುದು ಸುಲಭವಲ್ಲ. 'ಅಣ್ಣಾ, ಹೋಗಲೇಬೇಡಿ ಅಂತಲ್ಲ, ಮೂರು ಸಲ ಹೋಗಬೇಡಿ, ಒಂದು ಸಲ ಸಾಕು' ಅಂತ ಸಮಾಧಾನ ಮಾಡುತ್ತೇನೆ. ಉಳಿದ ಆ ಎರಡು ಸಲದ ಹೊತ್ತು ಎರಡನೇ ಗುಂಪಿನ ಬೂತುಗಳಿಗೆ ಸೇರಬೇಕು.

ಜಾತಿ ಲೆಕ್ಕದ ಬಗ್ಗೆಯೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಅದನ್ನು ನೋಡದೆ ಚುನಾವಣೆ ಮಾಡುತ್ತೇವೆ ಅನ್ನುವವರ ಮಾತು ನಾನು ನಂಬುವುದಿಲ್ಲ. ನಾವೂ ನೋಡುತ್ತೇವೆ, ಕೇರಿಯ ಮಟ್ಟದಲ್ಲಿ ಮಾತ್ರ. ಒಬ್ಬೊಬ್ಬರ ಹೆಸರಿನ ಮುಂದೆ ಜಾತಿ ಬರೆದಿಡುವುದಿಲ್ಲ, ಅವರು ಒಪ್ಪದೆ ಫೋನ್ ನಂಬರ್ ಬರೆದುಕೊಳ್ಳುವುದಿಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಕಳವಿನ ಪ್ರಕರಣ ಹೊರಬಂತಲ್ವಾ? ಖಾಸಗಿ ಸಂಸ್ಥೆಯ ಜನ ತಾವು ಬಿಎಲ್‌ಒಗಳು, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಸರ್ಕಾರಿ ಅಧಿಕಾರಿಗಳು, ಎಂದು ಹೇಳಿಕೊಂಡು ಮನೆಮನೆಗೆ ಹೋಗಿದ್ದರು ಅನ್ನುವ ಆರೋಪ ಅದು. ಆಮೇಲೆ ಪಟ್ಟಿ ಹಿಡಿದು ಬಾಗಿಲಿಗೆ ಹೋದವರನ್ನೆಲ್ಲ ಜನ ಅನುಮಾನದಿಂದಲೇ ನೋಡಿದರು. ಅದರಲ್ಲಿ ತಪ್ಪೇನಿಲ್ಲ.

ಬಾಗಿಲಲ್ಲಿ ನಿಂತು 'ಯಾರಿಗೆ ವೋಟು ಹಾಕ್ತೀರಿ' ಅಂತ ಕೇಳಬಾರದು ಎಂದು ಹುಡುಗರಿಗೆ ಮೊದಲೇ ಹೇಳಿರುತ್ತೇವೆ. ಎಲ್ಲರಿಗೂ ಹೂಂ ಅಂದು ಕಳಿಸುವುದು ಜನರಿಗೆ ಚೆನ್ನಾಗಿ ಗೊತ್ತು. 'ಬಗರ್‌ಹುಕುಂ ಅರ್ಜಿ ಏನಾಯ್ತು ಅಕ್ಕಾ, ಫಾರಂ 57 ಹಾಕಿದ್ದಿರಲ್ಲ' ಅಂತ, ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಮೀನು ಸಕ್ರಮ ಮಾಡಿಕೊಡಿ ಎಂದು ಹಾಕಿದ ಅರ್ಜಿಯ ಬಗ್ಗೆ ಕೇಳಿದರೆ ಮಾತು ತಾನಾಗಿ ಬರುತ್ತದೆ. ಬಾಯಿಗೆ ಬಂದ ಭರವಸೆ ಕೊಡದೆ ಕೇಳಿಸಿಕೊಂಡು ಬರೆದುಕೊಂಡು ಬರಬೇಕು. ಸಂಜೆ ಆ ಚೀಟಿಗಳನ್ನು ಅಭ್ಯರ್ಥಿಗೆ ಓದಿ ಹೇಳುತ್ತೇವೆ. ಮರುದಿನದ ಭಾಷಣ ಹತ್ತು ನಿಮಿಷಕ್ಕೆ ಇಳಿಯುತ್ತದೆ, ಆ ಊರಿನದೇ ಆಗಿರುತ್ತದೆ.

ಪಕ್ಷೇತರರಾಗಿ ನಿಂತವರಿಗೆ ಚಿಹ್ನೆಯದೇ ದೊಡ್ಡ ಪಾಡು. ನಾಮಪತ್ರ ವಾಪಸು ಪಡೆಯುವ ಗಡುವು ಮುಗಿದ ಮೇಲಷ್ಟೇ ಚಿಹ್ನೆ ಸಿಗುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಆ ಗಡುವು ಏಪ್ರಿಲ್ 24, ಮತದಾನ ಮೇ 10. ನಡುವೆ 16 ದಿನ, ಅದರಲ್ಲೂ ಕೊನೆಯ 48 ಗಂಟೆ ಬಹಿರಂಗ ಪ್ರಚಾರ ಇಲ್ಲ. ಜೊತೆಗೆ ಮತಯಂತ್ರದಲ್ಲಿ ಮಾನ್ಯತೆ ಪಡೆದ ಪಕ್ಷದವರು ಮೇಲೆ, ಪಕ್ಷೇತರರು ಕೆಳಗೆ. ಒಂದು ಯಂತ್ರದಲ್ಲಿ ನೋಟಾ ಸೇರಿ 16 ಗುಂಡಿ. ಅಭ್ಯರ್ಥಿಗಳು ಜಾಸ್ತಿಯಾದರೆ ನಮ್ಮವರು ಎರಡನೇ ಯಂತ್ರಕ್ಕೆ ಹೋಗುತ್ತಾರೆ. ವಯಸ್ಸಾದವರು ಮೊದಲ ಯಂತ್ರದಲ್ಲಿ ಹುಡುಕಿ ಸಿಗದೆ ಬೇರೆ ಯಾವುದಾದರೂ ಗುಂಡಿ ಒತ್ತಿ ಬರಬಹುದು. ಅದಕ್ಕೆ ಕರಪತ್ರದ ಬರಹವನ್ನೆಲ್ಲ ಮೊದಲೇ ಸಿದ್ಧ ಮಾಡಿ, ಚಿಹ್ನೆಗೂ ಕ್ರಮಸಂಖ್ಯೆಗೂ ಜಾಗ ಬಿಟ್ಟು ಕಾಯುತ್ತೇವೆ. ಚಿಹ್ನೆ ಸಿಕ್ಕ ರಾತ್ರಿಯೇ ಮುದ್ರಣ. ಅಭ್ಯರ್ಥಿಯ ಫೋಟೋ ಸಣ್ಣದು, ಚಿಹ್ನೆ ದೊಡ್ಡದು. ಇದಕ್ಕೂ ಕೆಲವರು ಮುನಿಸಿಕೊಳ್ಳುತ್ತಾರೆ! ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಕರಪತ್ರದಲ್ಲಿ ಇರಲೇಬೇಕು. ಇಲ್ಲದಿದ್ದರೆ ಎದುರಾಳಿಗಳು ದೂರು ಕೊಡಲು ಅಷ್ಟೇ ಸಾಕು.

ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ ರೂಪಾಯಿ. ನಮ್ಮ ಅಭ್ಯರ್ಥಿಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ಪ್ರತ್ಯೇಕ ಬ್ಯಾಂಕ್ ಖಾತೆ, ದಿನದ ಲೆಕ್ಕದ ಪುಸ್ತಕ ಎಲ್ಲರಿಗೂ ಒಂದೇ. ನಮ್ಮ ಫೀಸೂ ಅದರಲ್ಲಿ ಬರುತ್ತದೆ, ಬ್ಯಾಂಕಿನ ಮೂಲಕವೇ ತಗೊಳ್ಳುತ್ತೇವೆ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹರಾಗಬಹುದು. ಸೋತವರಿಗೆ ಆ ಹೊತ್ತಿನಲ್ಲಿ ಲೆಕ್ಕದ ಪುಸ್ತಕ ನೋಡುವ ಮನಸ್ಸೇ ಇರುವುದಿಲ್ಲ, ಬೆನ್ನು ಬಿದ್ದು ಮಾಡಿಸುತ್ತೇವೆ.

ಮತದಾನದ ದಿನ ಬೂತಿನೊಳಗೆ ಅಭ್ಯರ್ಥಿಯ ಪರವಾಗಿ ಕೂರುವ ಏಜೆಂಟರದ್ದೇ ಚಿಂತೆ. ಎಲ್ಲ ಬೂತಿಗೂ ಜನ ಸಿಗುವುದಿಲ್ಲ. ಇರುವವರನ್ನು ಆರಿಸಿಕೊಂಡ ಬೂತುಗಳಲ್ಲಿ ಕೂರಿಸುತ್ತೇವೆ. ಬೆಳಿಗ್ಗೆ ಅಣಕು ಮತದಾನಕ್ಕೆ ಹಾಜರಿರಬೇಕು, ಸಂಜೆ ಆ ಬೂತಿನಲ್ಲಿ ಒಟ್ಟು ಎಷ್ಟು ಮತ ಬಿತ್ತು ಅನ್ನುವ ಲೆಕ್ಕವಿರುವ ಫಾರಂ 17ಸಿ ಪ್ರತಿ ತಗೊಳ್ಳದೆ ಏಳಬಾರದು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದ ಹೆಣ್ಣುಮಕ್ಕಳು ವೋಟಿಗೆ ಊರಿಗೆ ಬಂದರಾ ಅಂತ ಪಟ್ಟಿ ನೋಡಿ ಹೇಳಲು ಆ ಊರಿನವರೇ ಬೇಕು. ಹೊರಗಿನಿಂದ ಕರೆತಂದ ಏಜೆಂಟ್ ಸುಮ್ನೆ ಕೂತು ಬರುತ್ತಾನೆ.

ಗೆದ್ದವರು ಕಡಿಮೆ. ಠೇವಣಿ ಉಳಿಯಬೇಕೆಂದರೆ ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು, ಅದೂ ಎಷ್ಟೋ ಸಲ ಆಗಿಲ್ಲ. ನಮ್ಮ ವಿಧಾನಕ್ಕೆ ಹೆಚ್ಚು ಫಲ ಸಿಗುವುದು ಗ್ರಾಮ ಪಂಚಾಯ್ತಿಯಲ್ಲಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಮನೆಮನೆಗೆ ಹೋಗುವವರು ಅಲ್ಲಿ ದುಡ್ಡಿನವರ ಎದುರೂ ನಿಲ್ಲಬಲ್ಲರು. ಈಗ ವಿಧಾನಸಭೆಗೆ ನಿಲ್ಲುತ್ತೇನೆ ಅಂತ ಬಂದವರನ್ನು, ನಿಮ್ಮ ಹೋಬಳಿಯ ಪಂಚಾಯ್ತಿಗಳಲ್ಲಿ ನಿಮ್ಮ ಸಂಘದ ಸದಸ್ಯರು ಎಷ್ಟು ಜನ ಇದ್ದಾರೆ ಅಂತ ಮೊದಲು ಕೇಳುತ್ತೇನೆ. ಒಬ್ಬರೂ ಇಲ್ಲ ಅಂದರೆ ಪಂಚಾಯ್ತಿ ಚುನಾವಣೆಯಿಂದ ಶುರುಮಾಡೋಣ, ಅದಕ್ಕೆ ಫೀಸು ಬೇಡ ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಬೇರೆ ಸಲಹೆಗಾರರನ್ನು ಹುಡುಕಿಕೊಳ್ಳುತ್ತಾರೆ.