ನಮ್ಮ ಶಾಸಕರ ಲೆಕ್ಕ ನಾನು ಓದುವ ಬಗೆ

ನಾನು ತಾಲ್ಲೂಕು ಮಟ್ಟದ ಒಂದು ವಾರಪತ್ರಿಕೆಗೆ ಬರೆಯುತ್ತೇನೆ. ವಿಧಾನಸಭೆ ಫಲಿತಾಂಶ ಬಂದದ್ದು 2023ರ ಮೇ 13ಕ್ಕೆ. ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಶಾಸಕರ ಕೆಲಸದ ಬಗ್ಗೆ ಒಂದು ಪುಟ ಮಾಡುತ್ತೇವೆ. ಮೊದಲೆಲ್ಲ ಆ ಪುಟಕ್ಕೆ ಶಾಸಕರ ಆಪ್ತ ಸಹಾಯಕರೇ ಸರಕು ಕಳಿಸುತ್ತಿದ್ದರು: ಇಷ್ಟು ರಸ್ತೆ, ಇಷ್ಟು ಸಮುದಾಯ ಭವನ, ಗುದ್ದಲಿ ಪೂಜೆಯ ಫೋಟೊ. ಈಗ ನಾನೇ ಕೂತು ಮಾಡುತ್ತೇನೆ. ಬೇಕಾದ ಕಾಗದ ಹೆಚ್ಚುಕಡಿಮೆ ಎಲ್ಲವೂ ಸಾರ್ವಜನಿಕವಾಗಿಯೇ ಸಿಗುತ್ತದೆ. ಆದರೆ ಒಂದೇ ಕಾಗದ ಓದಿದರೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡು ಓದಬೇಕು.

ಶುರು ಮಾಡುವುದು ಅಫಿಡವಿಟ್‌ನಿಂದ. ನಾಮಪತ್ರದ ಜೊತೆ ಕೊಡುವ ನಮೂನೆ 26 ಅದು. ಆಸ್ತಿ, ಸಾಲ, ಕೇಸು, ಓದು ಎಲ್ಲ ಅದರಲ್ಲಿರುತ್ತದೆ. ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ ಮೇಲೆ ಬಂದದ್ದು ಇದು. 2019ರಿಂದ ಈಚೆಗೆ ಅಭ್ಯರ್ಥಿ ಮತ್ತು ಅವರ ಹೆಂಡತಿ ಅಥವಾ ಗಂಡನ ಐದು ವರ್ಷದ ಆದಾಯವನ್ನೂ ತೋರಿಸಬೇಕು. ಪತ್ರಿಕೆಗಳಲ್ಲಿ ಬರುವುದು ಒಟ್ಟು ಆಸ್ತಿಯ ಮೊತ್ತ ಮಾತ್ರ. ಅದರಿಂದ ಜಾಸ್ತಿ ಪ್ರಯೋಜನವಿಲ್ಲ. 2018ರದ್ದನ್ನೂ 2023ರದ್ದನ್ನೂ ಅಕ್ಕಪಕ್ಕ ಇಟ್ಟು, ಹಳೆಯ ಜಮೀನಿಗೆ ಬೆಲೆ ಏರಿದ್ದೆಷ್ಟು, ಹೊಸದಾಗಿ ಕೊಂಡದ್ದೆಷ್ಟು ಅಂತ ಬೇರೆ ಬೇರೆ ಮಾಡಬೇಕು. ಎರಡನೆಯದರಲ್ಲಿ ಮಾತ್ರ ಸುದ್ದಿ ಇರುತ್ತದೆ.

ಇದಕ್ಕೆ ಒಳ್ಳೆಯ ಅವಕಾಶ ಸಿಕ್ಕಿದ್ದು 2019ರ ಡಿಸೆಂಬರ್ ಉಪಚುನಾವಣೆಯಲ್ಲಿ. ಆ ವರ್ಷ ಮೈತ್ರಿ ಸರ್ಕಾರದ ವಿರುದ್ಧ ತಿರುಗಿ ಅನರ್ಹಗೊಂಡ ಶಾಸಕರಲ್ಲಿ ಬಹಳ ಮಂದಿ ಮತ್ತೆ ನಿಂತರು. ಒಂದೂವರೆ ವರ್ಷದ ಅಂತರದಲ್ಲಿ ಒಬ್ಬರದೇ ಎರಡು ಅಫಿಡವಿಟ್. ಹೊಸಕೋಟೆಯ ಎಂ.ಟಿ.ಬಿ. ನಾಗರಾಜ್ ಅವರು 2018ರಲ್ಲಿ ಸಾವಿರ ಕೋಟಿಗೂ ಮೇಲೆ ತೋರಿಸಿದ್ದರು. 2019ರಲ್ಲಿ ಅದು 1,200 ಕೋಟಿ ದಾಟಿತು. ಊರೆಲ್ಲ ಮೊತ್ತ ನೋಡಿ ಬಾಯಿ ಬಿಟ್ಟಿತು. ನನ್ನ ಕೆಲಸ ಮಾತ್ರ ಅಲ್ಲಿಂದ ಶುರು: ಸಾಲು ಸಾಲಾಗಿ ಹೋಲಿಸುವುದು.

ಅಫಿಡವಿಟ್‌ನಲ್ಲಿ ಜಮೀನಿನ ಸರ್ವೆ ನಂಬರ್ ಇರುತ್ತದೆ. ಅದನ್ನು ಭೂಮಿ ಜಾಲತಾಣದಲ್ಲಿ ಹಾಕಿ ಪಹಣಿ ತೆಗೆಯಬಹುದು. ನಾನು ಮೊದಲು ನೋಡುವುದು 11ನೇ ಕಾಲಂ. ಸಾಲ, ಅಡಮಾನ ಅಲ್ಲಿ ಕಾಣುತ್ತದೆ. ಅದು ಅಫಿಡವಿಟ್‌ನ ಸಾಲದ ಪಟ್ಟಿಯಲ್ಲೂ ಇದೆಯಾ ಅಂತ ನೋಡುತ್ತೇನೆ. ನಮ್ಮ ಕಡೆಯ ಒಬ್ಬ ಅಭ್ಯರ್ಥಿ ಹೆದ್ದಾರಿ ಪಕ್ಕದ ಎರಡು ಎಕರೆ ಚಿಲ್ಲರೆಯನ್ನು ಖುಷ್ಕಿ ಜಮೀನು ಅಂತ ಬರೆದು, ಖುಷ್ಕಿಯ ಬೆಲೆಯನ್ನೇ ಹಾಕಿದ್ದರು. ಪಹಣಿ ತೆಗೆದರೆ ಭೂಪರಿವರ್ತನೆ ಆಗಿ, ಅಂದರೆ ಕೃಷಿಯೇತರ ಬಳಕೆಗೆ ಬದಲಾಗಿ, ಎಷ್ಟೋ ದಿನ ಆಗಿತ್ತು. ಕೇಳಿದ್ದಕ್ಕೆ, ‘ನಮ್ಮ ಆಡಿಟರ್ ಬರೆದಿದ್ದು ಕಣ್ರೀ’ ಅಂದರು. ಅದನ್ನೂ ಹಾಕಿದೆವು.

ಇನ್ನು ಮಸೂದೆ ವಿಷಯ. ಅಮೆರಿಕದಲ್ಲಿರುವ ನನ್ನ ತಮ್ಮ, ‘ಇಲ್ಲಿ ಒಬ್ಬೊಬ್ಬ ಸದಸ್ಯ ಎಷ್ಟು ಮಸೂದೆ ತಂದ ಅಂತ ಲೆಕ್ಕ ಇಡ್ತಾರೆ, ನೀನೂ ಹಾಗೆ ಮಾಡು’ ಅಂತ ಹೇಳುತ್ತಿರುತ್ತಾನೆ. ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಮಸೂದೆ ತರುವವರು ಮಂತ್ರಿಗಳು. ಖಾಸಗಿ ಸದಸ್ಯರ ಮಸೂದೆ ಅಂತ ಒಂದು ಬಾಗಿಲು ಇದೆ ನಿಜ. ಆದರೆ ಸಂಸತ್ತಿನಲ್ಲೇ ಸ್ವಾತಂತ್ರ್ಯ ಬಂದಾಗಿನಿಂದ ಆ ಬಾಗಿಲಿನಿಂದ ಬಂದು ಕಾಯ್ದೆಯಾದದ್ದು 14 ಮಾತ್ರ. ಕೊನೆಯದು 1970ರಲ್ಲಿ. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ, ಮೀರಿ ಮತ ಹಾಕಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನವೇ ಹೋಗಬಹುದು. ಹಾಗಿರುವಾಗ ಯಾವ ಮಸೂದೆಗೆ ಕೈ ಎತ್ತಿದರು ಅನ್ನುವುದರಿಂದಲೂ ವ್ಯಕ್ತಿ ಗೊತ್ತಾಗುವುದಿಲ್ಲ, ಪಕ್ಷ ಗೊತ್ತಾಗುತ್ತದೆ ಅಷ್ಟೇ.

ಅದಕ್ಕೆ ನಾನು ಪ್ರಶ್ನೆಗಳನ್ನು ನೋಡುತ್ತೇನೆ. ಸದನದಲ್ಲೇ ಮಂತ್ರಿ ಎದ್ದು ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆ, ಬರಹದಲ್ಲಷ್ಟೇ ಉತ್ತರ ಬರುವ ಚುಕ್ಕೆ ಗುರುತಿಲ್ಲದ ಪ್ರಶ್ನೆ ಎರಡೂ ಉತ್ತರದ ಸಮೇತ ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ. ಎಷ್ಟು ಕೇಳಿದರು ಅಂತ ಎಣಿಸುವುದು ಸುಮ್ನೆ. ಒಂದೇ ವಿಷಯವನ್ನು ಬೆನ್ನು ಹತ್ತಿದ್ದಾರಾ ಅನ್ನುವುದು ಮುಖ್ಯ. ಕೆರೆ ತುಂಬಿಸುವ ಯೋಜನೆ ಬಗ್ಗೆ ಒಂದು ಅಧಿವೇಶನದಲ್ಲಿ ಕೇಳಿ, ‘ಪರಿಶೀಲನೆಯಲ್ಲಿದೆ’ ಅನ್ನುವ ಉತ್ತರ ತಗೊಂಡು, ಮುಂದಿನ ಅಧಿವೇಶನದಲ್ಲಿ ‘ಪರಿಶೀಲನೆ ಎಲ್ಲಿಗೆ ಬಂತು’ ಅಂತ ಮತ್ತೆ ಕೇಳಿದರೆ ಅವರು ಕೆಲಸ ಮಾಡುವ ಶಾಸಕರು. ಒಂದು ಎಚ್ಚರ ಬೇಕು. ಮಂತ್ರಿಯಾದವರ ಹೆಸರಿನಲ್ಲಿ ಪ್ರಶ್ನೆ ಇರುವುದಿಲ್ಲ, ಅವರು ಉತ್ತರ ಕೊಡುವವರು. ಸೊನ್ನೆ ನೋಡಿ ಬೈಯಬಾರದು.  

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಚುನಾವಣಾ ವೆಚ್ಚದ ಪುಸ್ತಕ ಓದುವುದು. ಗೆದ್ದವರು ಸೋತವರು ಎಲ್ಲರೂ ಫಲಿತಾಂಶದಿಂದ 30 ದಿನದೊಳಗೆ ಇದನ್ನು ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 1961ರ ಚುನಾವಣಾ ನಿಯಮಗಳಲ್ಲೇ ಇದೆ. ನಾನು ಹೋಗಿ ಕೇಳಿದಾಗ ಗುಮಾಸ್ತರು, ‘ಇದನ್ನ ಕೇಳ್ಕೊಂಡು ಬಂದೋರು ನೀವೇ ಸರ್’ ಅಂತ ನಕ್ಕು ಕಪಾಟು ತೆಗೆದರು.

ಪುಸ್ತಕದಲ್ಲಿ ಮೂರು ಬಣ್ಣ. ಬಿಳಿ ಹಾಳೆಯಲ್ಲಿ ದಿನದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. 2022ರಿಂದ ನಮ್ಮಂಥ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಯ ಮಿತಿ 40 ಲಕ್ಷ. ಅದನ್ನು ದಾಟಿದ ಪುಸ್ತಕ ನಾನಂತೂ ನೋಡಿಲ್ಲ! ಟೀ, ಊಟ, ಕುರ್ಚಿ, ಶಾಮಿಯಾನ, ಶಾಲು, ಆಟೊ ಎಲ್ಲಕ್ಕೂ ಜಿಲ್ಲಾಡಳಿತ ದರಪಟ್ಟಿ ಮಾಡಿರುತ್ತದೆ. ಹಾಗಾಗಿ ದರದಲ್ಲಿ ಆಟ ಆಡಲು ಆಗುವುದಿಲ್ಲ. ಆಟ ಇರುವುದು ಸಂಖ್ಯೆಯಲ್ಲಿ. ಅಭ್ಯರ್ಥಿಯ ಪುಸ್ತಕದಲ್ಲಿ ಒಂದು ಸಭೆಗೆ 500 ಕುರ್ಚಿ. ಅದೇ ಸಭೆಯ ವಿಡಿಯೊ ನೋಡಿ ಚುನಾವಣಾ ಸಿಬ್ಬಂದಿ ಬರೆದ ಶ್ಯಾಡೊ ರಿಜಿಸ್ಟರ್‌ನಲ್ಲಿ 1,500. ಈ ಎರಡನ್ನೂ ಜೊತೆಗಿಟ್ಟು ಓದುವುದೇ ಒಂದು ಮಜಾ.

ಪುಸ್ತಕದಲ್ಲಿ ಬರದೇ ಇರುವುದೂ ಬಹಳ ಇದೆ. ನಾಮಪತ್ರ ಹಾಕಿದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚು ಮಾತ್ರ ಲೆಕ್ಕಕ್ಕೆ. 2023ರಲ್ಲಿ ಯುಗಾದಿ ಬಂದದ್ದು ಮಾರ್ಚ್ 22ಕ್ಕೆ, ಚುನಾವಣೆ ಘೋಷಣೆ ಆದದ್ದು 29ಕ್ಕೆ, ನಾಮಪತ್ರ ಶುರುವಾದದ್ದು ಏಪ್ರಿಲ್ 13ಕ್ಕೆ. ಹಬ್ಬದ ಹೆಸರಲ್ಲಿ ಹಂಚಿದ ಸೀರೆ, ಕುಕ್ಕರ್, ಧರ್ಮಸ್ಥಳಕ್ಕೆ ಹೊರಟ ಬಸ್ಸು ಯಾವುದೂ ಆ ಮೂರು ಬಣ್ಣದ ಹಾಳೆಯಲ್ಲಿ ಸಿಗಲ್ಲ. ತಾರಾ ಪ್ರಚಾರಕರ ಓಡಾಟದ ಖರ್ಚೂ ಅಭ್ಯರ್ಥಿಯ ತಲೆಗೆ ಬರುವುದಿಲ್ಲ. ಪಕ್ಷದ ಖರ್ಚಿಗಂತೂ ಮಿತಿಯೇ ಇಲ್ಲ.

ದುಡ್ಡು ಎಲ್ಲಿಂದ ಬಂತು ಅನ್ನುವುದು ಪುಸ್ತಕದ ಕೊನೆಯಲ್ಲಿರುತ್ತದೆ: ಸ್ವಂತದ್ದು, ಪಕ್ಷ ಕೊಟ್ಟದ್ದು, ಬೇರೆಯವರು ಕೊಟ್ಟ ಸಾಲ ಅಥವಾ ದೇಣಿಗೆ. ಪಕ್ಷವೂ ವಿಧಾನಸಭೆ ಚುನಾವಣೆ ಮುಗಿದ 75 ದಿನದಲ್ಲಿ ತನ್ನ ಖರ್ಚಿನ ವಿವರ ಆಯೋಗಕ್ಕೆ ಕೊಡಬೇಕು. ಯಾವ ಅಭ್ಯರ್ಥಿಗೆ ಎಷ್ಟು ಕೊಟ್ಟೆವು ಅಂತ ಅದರಲ್ಲಿರುತ್ತದೆ. ಕೊಟ್ಟವರ ಅಂಕಿಯೂ ತಗೊಂಡವರ ಅಂಕಿಯೂ ಒಂದೇ ಆಗಿರಬೇಕಲ್ವಾ? ತಾಳೆ ಹಾಕಿ ನೋಡಿ.

ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಹೆಸರು ಹೊರಗೆ ಬಾರದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಚುನಾವಣಾ ಬಾಂಡ್ ರದ್ದು ಮಾಡಿ, ಕೊಟ್ಟವರ ಪಟ್ಟಿ ಹೊರಗೆ ಬಂದಾಗ ಎಲ್ಲರೂ ಅದರಲ್ಲೇ ಮುಳುಗಿದ್ದರು. ಆದರೆ ಬಾಂಡ್ ಹೋದದ್ದು ಪಕ್ಷಕ್ಕೆ. ತಾಲ್ಲೂಕಿನ ರಾಜಕೀಯ ನೋಡಬೇಕಾದವರು ‘ಬೇರೆಯವರು ಕೊಟ್ಟದ್ದು’ ಅನ್ನುವ ಪಟ್ಟಿ ಹಿಡಿಯಬೇಕು. ಅಲ್ಲಿರುವ ಹೆಸರುಗಳನ್ನು ನಾನು ರಾಜ್ಯದ ಇ-ಟೆಂಡರ್ ಜಾಲತಾಣದಲ್ಲಿ ನಮ್ಮ ತಾಲ್ಲೂಕಿನ ಕಾಮಗಾರಿ ಪಡೆದವರ ಜೊತೆ ಹೋಲಿಸುತ್ತೇನೆ. ಒಂದು ಹೆಸರು ಎರಡೂ ಕಡೆ ಇತ್ತು. ದೇಣಿಗೆ ಕೊಡುವುದೂ ತಪ್ಪಲ್ಲ, ಟೆಂಡರ್ ಹಾಕುವುದೂ ತಪ್ಪಲ್ಲ. ಹೆಸರು, ದೇಣಿಗೆಯ ಮೊತ್ತ, ಕಾಮಗಾರಿ, ದಿನಾಂಕ ಇಷ್ಟನ್ನು ಒಂದು ಕೋಷ್ಟಕದಲ್ಲಿ ಹಾಕಿ, ಶಾಸಕರಿಗೂ ಗುತ್ತಿಗೆದಾರರಿಗೂ ಮೊದಲೇ ಕಳಿಸಿ, ಅವರು ಕೊಟ್ಟ ಉತ್ತರವನ್ನು ಕೋಷ್ಟಕದ ಕೆಳಗೇ ಛಾಪಿಸಿದೆವು.