ಅಡಿಕೆ ಚೀಟಿಗಳ ಬಕೆಟ್ಟಿಗೆ ನಾನೇ ಹಾಕಿದ ಬೀಗ

ಬದಿಯಡ್ಕದ ಹತ್ತಿರ ಅಡಿಕೆ ಖರೀದಿಯ ಒಂದು ಅಂಗಡಿಗೆ ಲೆಕ್ಕದ ಆ್ಯಪ್ ಮಾಡಿಕೊಟ್ಟವನು ನಾನು. ಹೊಸತು, ಹಳತು, ಪಟೋರ, ಕರಿಗೋಟು ಅಂತ ದರ್ಜೆವಾರು ತೂಕ ಬರೆದ ಚೀಟಿಯ ಫೋಟೊ ತೆಗೆದರೆ ಅದು ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್ಸಿನ ಮುಂಬೈ ರೀಜನ್ನಿನ (ಅಲ್ಲಿನ ಡೇಟಾ ಸೆಂಟರುಗಳ ಗುಂಪು) ಎಸ್3 ಬಕೆಟ್ಟಿಗೆ, ಅಂದರೆ ಫೈಲ್ ಇಡುವ ಉಗ್ರಾಣಕ್ಕೆ, ಹೋಗಿ ಕೂರಬೇಕು. ಚೀಟಿಯಲ್ಲಿ ಬೆಳೆಗಾರರ ಹೆಸರು, ಬ್ಯಾಂಕ್ ಖಾತೆ ನಂಬರ್ ಎಲ್ಲ ಇರುತ್ತದೆ. ಅದೇ ರೀಜನ್ನಿನಲ್ಲಿ ಸಣ್ಣದೊಂದು ಇಸಿ2 ಸರ್ವರ್ (ಬಾಡಿಗೆಯ ಕಂಪ್ಯೂಟರ್), ಅದರಲ್ಲಿ ಪ್ರೋಗ್ರಾಮುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಡಾಕರ್, ಡಾಕರಿನಲ್ಲಿ ಅಂತಹ ಮೂರು ಡಬ್ಬಿ, ಅಂದರೆ ಕಂಟೇನರ್: ಆ್ಯಪ್, ಡೇಟಾಬೇಸ್, ಮತ್ತೆ ಚೀಟಿ ಸಾಗಿಸುವ ಒಂದು ಸ್ಕ್ರಿಪ್ಟ್. ಅದಕ್ಕೆ ನಾನು 'ಸಾಗಣೆ' ಅಂತಲೇ ಹೆಸರಿಟ್ಟಿದ್ದೆ.

ಬಕೆಟ್ಟಿನ ಆಕ್ಸೆಸ್ ಕೀಯನ್ನು ಮೊದಲು ಒಂದು ಫೈಲಿನಲ್ಲಿ ಬರೆದಿಟ್ಟಿದ್ದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಆ ಫೈಲನ್ನೂ ಕೋಡ್ ಇಡುವ ಗಿಟ್‌ಗೆ ತಳ್ಳಿಬಿಟ್ಟೆ. ಅಲ್ಲಿನ ನನ್ನ ರೆಪೊ (ಕೋಡಿನ ಕೋಶ) ಪ್ರೈವೇಟ್ ಆಗಿದ್ದರಿಂದ ಬಚಾವಾದೆ. ಕೀಯನ್ನು ಅವತ್ತೇ ರದ್ದು ಮಾಡಿ, ಸರ್ವರಿಗೆ ಐಎಎಂ ರೋಲ್, ಅಂದರೆ ಅದು ಏನೇನು ಮಾಡಬಹುದು ಎಂಬ ಅಧಿಕಾರ, ಅಂಟಿಸಿದೆ. ರೋಲ್ ಇದ್ದರೆ ಕೀ ಎಲ್ಲಿಯೂ ಬರೆದಿಡಬೇಕಾಗಿಲ್ಲ, 169.254.169.254 ಎಂಬ ವಿಳಾಸದಲ್ಲಿ ಕೇಳಿದರೆ ಸ್ವಲ್ಪ ಹೊತ್ತು ಬಾಳುವ ಕೀ ಸಿಗುತ್ತದೆ.

ಸರ್ವರಿನ ಮೇಲೆ ಕೂತು ಕೇಳಿದರೆ ಸಿಕ್ಕಿತು. ಕಂಟೇನರಿನ ಒಳಗಿಂದ ಕೇಳಿದರೆ ಉತ್ತರವೇ ಇಲ್ಲ. ಎರಡು ಸಂಜೆ ಹಾಳಾದವು. ಕಾರಣ ನೋಡಿದರೆ ಇಷ್ಟೇ: ಆ ವಿಳಾಸದಲ್ಲಿರುವ ಸೇವೆ (ಐಎಂಡಿಎಸ್‌ವಿ2) ಕೀಗೆ ಮೊದಲು ಬೇಕಾದ ಟೋಕನ್ ಕೊಡುವಾಗ ಆ ಪ್ಯಾಕೆಟ್ ಎಷ್ಟು ಹೆಜ್ಜೆ ದಾಟಬಹುದು ಅಂತ ಒಂದು ಮಿತಿ ಇರುತ್ತದೆ. ನನ್ನ ಸರ್ವರಿನಲ್ಲಿ ಅದು 1. ಸರ್ವರಿಗೂ ಕಂಟೇನರಿಗೂ ನಡುವಿನ ಡಾಕರಿನ ಬ್ರಿಡ್ಜ್ ದಾಟುವುದೇ ಒಂದು ಹೆಜ್ಜೆ, ಹಾಗಾಗಿ ಟೋಕನ್ ಜಗಲಿವರೆಗೆ ಬಂದು ಒಳಗೆ ಬಾರದೆ ಸಾಯುತ್ತಿತ್ತು. ಮಿತಿಯನ್ನು 2 ಮಾಡಿದ ಮೇಲೆ ಸರಿಯಾಯಿತು.

ಆದರೆ ಆಗ ಮೂರೂ ಕಂಟೇನರಿಗೆ ಕೀ ಸಿಗುತ್ತದೆ. ಹೊರಗಿನವರಿಗೆ ತೆರೆದುಕೊಂಡಿರುವುದು ಆ್ಯಪ್. ಅದಕ್ಕೆ ಕನ್ನ ಬಿದ್ದರೆ ಬಕೆಟ್ಟಿಗೂ ಬಿದ್ದಂತೆ. ಅದಕ್ಕೆ ನೆಟ್‌ವರ್ಕುಗಳನ್ನು ಬೇರೆ ಮಾಡಿದೆ. ಡೇಟಾಬೇಸ್ ಇರುವುದು 'ಇಂಟರ್ನಲ್' ಅಂತ ಗುರುತು ಮಾಡಿದ ನೆಟ್‌ವರ್ಕಿನಲ್ಲಿ ಮಾತ್ರ, ಅಲ್ಲಿಂದ ಹೊರಗೆ ದಾರಿಯೇ ಇಲ್ಲ. ಸಾಗಣೆಗೆ 10.88.0.0/24 ಅಂತ ಪ್ರತ್ಯೇಕ ವಿಳಾಸಗಳು. ಆಮೇಲೆ ಲಿನಕ್ಸಿನ ಫೈರ್ವಾಲ್ ಆದ ಐಪಿಟೇಬಲ್ಸಿನ ಡಾಕರ್-ಯೂಸರ್ ಸರಪಳಿಯಲ್ಲಿ (ನಿಯಮಗಳ ಸಾಲು) ಒಂದು ನಿಯಮ: ಈ ಸಬ್‌ನೆಟ್ (ವಿಳಾಸಗಳ ಗುಂಪು) ಬಿಟ್ಟು ಬೇರೆ ಯಾರು 169.254.169.254ಕ್ಕೆ ಹೊರಟರೂ ಡ್ರಾಪ್. ನಿಯಮವನ್ನು ಆ ಸರಪಳಿಯಲ್ಲೇ ಹಾಕಬೇಕು. ಫೈರ್ವಾಲನ್ನು ಸುಲಭ ಮಾಡುವ ಯುಎಫ್‌ಡಬ್ಲ್ಯೂ ನಂಬಿ ಕೂರಬೇಡಿ, ಡಾಕರ್ ಹೊರಗೆ ತೆರೆದ ಪೋರ್ಟುಗಳಿಗೆ ಅದರ ತಡೆ ನಾಟುವುದಿಲ್ಲ.

ಇನ್ನು ಉಳಿದದ್ದು ದಾರಿ. ಸರ್ವರ್ ಮತ್ತು ಬಕೆಟ್ ಒಂದೇ ರೀಜನ್ನಿನಲ್ಲಿ ಇರುವಾಗ ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್, ಅಂದರೆ ಇಂಟರ್ನೆಟ್ಟಿಗೆ ಹೋಗದ ಒಳದಾರಿ, ಹಾಕಬಹುದು. ಅದಕ್ಕೆ ಬೇರೆ ಬಾಡಿಗೆ ಇಲ್ಲ. ಹೊರಗೆ ಹೋಗುವ ಇನ್ನೊಂದು ದಾರಿಯಾದ ನ್ಯಾಟ್ ಗೇಟ್‌ವೇಗಾದರೆ ಗಂಟೆಗೂ ದುಡ್ಡು, ಹಾದುಹೋದ ಜಿಬಿಗೂ ದುಡ್ಡು. ಎಂಡ್‌ಪಾಯಿಂಟ್ ಹಾಕಿದರೆ ಸರ್ವರ್ ಇರುವ ಸಬ್‌ನೆಟ್ಟಿನ ರೂಟ್ ಟೇಬಲಿನಲ್ಲಿ (ದಾರಿಗಳ ಪಟ್ಟಿ) ಒಂದು ಸಾಲು ಸೇರುತ್ತದೆ, ಅಷ್ಟೇ. ಒಳಗಿನ ಕಂಟೇನರಿಗೆ ದಾರಿ ಬದಲಾದದ್ದು ಗೊತ್ತೂ ಆಗುವುದಿಲ್ಲ. ಸಾಲು ಸೇರಿದ ಕೂಡಲೇ ಚೀಟಿ ಹೋಗುವುದು ನಿಂತಿತು. ಬಕೆಟ್ ಪಾಲಿಸಿಯಲ್ಲಿ (ಯಾರನ್ನು ಬಿಡಬೇಕು ಎಂಬ ನಿಯಮ) ಸರ್ವರಿನ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್ಟಿಗೆ ಕಾಣುವ ವಿಳಾಸ) ಮಾತ್ರ ಬಿಡು ಅಂತ ಬರೆದಿದ್ದೆ, ಎಂಡ್‌ಪಾಯಿಂಟ್ ಮೂಲಕ ಬರುವ ವಿನಂತಿಗೆ ಪಬ್ಲಿಕ್ ಐಪಿ ಎಲ್ಲಿಂದ?

ಸಿಟ್ಟಿನಲ್ಲಿ ಆ ಪಾಲಿಸಿ ಕಿತ್ತು ಹೊಸತು ಬರೆದೆ: ಈ ಎಂಡ್‌ಪಾಯಿಂಟಿನಿಂದ ಬಾರದ ಯಾವುದಕ್ಕೂ, ಯಾವ ಕೆಲಸಕ್ಕೂ ಡಿನೈ (ನಿರಾಕರಣೆ). ಸೇವ್ ಒತ್ತಿದೆ. ಮರುಕ್ಷಣ ಕನ್ಸೋಲಿನಲ್ಲಿ ನನಗೇ ಬಕೆಟ್ ತೆರೆಯಲಿಲ್ಲ. ನಾನು ಕೂತದ್ದು ಮನೆಯಲ್ಲಿ, ಎಂಡ್‌ಪಾಯಿಂಟಿನ ಹೊರಗೆ! ಸಾಗಣೆಯ ರೋಲಿಗೆ ಪಾಲಿಸಿ ತಿದ್ದುವ ಅಧಿಕಾರ ಕೊಟ್ಟಿರಲಿಲ್ಲ, ಕೊಡಲೂಬಾರದು.

ಅಷ್ಟರಲ್ಲಿ ಅಂಗಡಿಯಿಂದ ಫೋನ್. "ಎಂತಾತು ಭಾವಾ? ಚೀಟಿಯ ಪಟ ಬತ್ತಿಲ್ಲೆ."

ಬಾರದ್ದು ಸರಿಯೇ. ಹಳೆ ಚೀಟಿ ನೋಡಲು ನಾನು ಪ್ರೀಸೈನ್ಡ್ ಲಿಂಕ್ (ಸ್ವಲ್ಪ ಹೊತ್ತು ಮಾತ್ರ ಬಕೆಟ್ಟಿನಿಂದ ನೇರ ಫೋಟೊ ತೆರೆಯುವ ಲಿಂಕ್) ಕೊಡುತ್ತಿದ್ದೆ, ಅದನ್ನು ತೆರೆಯುವುದು ಅವರ ಮೊಬೈಲು. ಮೊಬೈಲೂ ಎಂಡ್‌ಪಾಯಿಂಟಿನ ಹೊರಗೇ.

ಇಂತಹ ಪಾಲಿಸಿಯನ್ನು ಅಕೌಂಟಿನ ರೂಟ್ ಯೂಸರ್ (ಅಕೌಂಟಿನ ಮೂಲ ಲಾಗಿನ್) ಅಳಿಸಬಹುದು. ರೂಟ್ ಅಂದರೆ ಅಂಗಡಿಯ ಯಜಮಾನರು. ಲಾಗಿನ್ ಆಗಲು ಬೇಕಾದ ಆರಂಕಿ ಕೋಡು ಅವರ ಮೊಬೈಲಿನಲ್ಲಿ. ಜೂನ್ ತಿಂಗಳು, ಮಳೆ ಸ್ವಲ್ಪ ಹೊಳವಾದ ದಿನ. ಅವರು ತೋಟದಲ್ಲಿ ಅಡಿಕೆಗೆ ಬೋರ್ಡೊ ಬಿಡಿಸುತ್ತಿದ್ದರು, ಅಲ್ಲಿ ರೇಂಜ್ ಇಲ್ಲ. ಬೈಕ್ ಹತ್ತಿ ಹೋದೆ. ಮದ್ದಿನ ಕೈ ತೊಳೆದು, ಗುಡ್ಡೆ ಹತ್ತಿ ನಿಂತು ಕೋಡ್ ಓದಿ ಹೇಳಿದರು. ಹಾಟ್‌ಸ್ಪಾಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಪಾಲಿಸಿ ಅಳಿಸಿದೆ. ಚಾ ಕುಡಿಯದೆ ಬಿಡಲಿಲ್ಲ.

ಈಗಿನ ಪಾಲಿಸಿಯಲ್ಲಿ ಡಿನೈ ಇರುವುದು ಚೀಟಿ ಓದುವುದಕ್ಕೆ, ಬರೆಯುವುದಕ್ಕೆ ಮಾತ್ರ. ಪಾಲಿಸಿ ತಿದ್ದುವುದಕ್ಕೆ ಇಲ್ಲ. ಪ್ರೀಸೈನ್ಡ್ ಲಿಂಕ್ ಬಿಟ್ಟೆ. ಆ್ಯಪ್ ಕೇಳಿದರೆ ಸಾಗಣೆ ಬಕೆಟ್ಟಿನಿಂದ ಫೋಟೊ ತಂದು ಅದರ ಕೈಗೆ ಕೊಡುತ್ತದೆ, ಆ್ಯಪ್ ಮೊಬೈಲಿಗೆ ದಾಟಿಸುತ್ತದೆ. ಒಂದು ಗಳಿಗೆ ತಡ ಆಗುತ್ತದೆ, ನಿಜ. ಅಂಗಡಿಯಿಂದ ಇಷ್ಟರವರೆಗೆ ದೂರು ಬಂದಿಲ್ಲ.